ಕೆಳಗೆ ಎಷ್ಟು ಮಂದಿ?

ಹೊನ್ನಕಲ್ಲು ಗಣಿಯ ಗಾಲಿಮನೆಯಲ್ಲಿ ಒಂದು ಹಳೇ ಕಬ್ಬಿಣದ ಕುರ್ಚಿ ಇದೆ. ಎಡಗೈ ಮುರಿದಿದೆ, ಗಾದಿ ಹರಿದಿದೆ, ರಾಯಚೂರು ಸೀಮೆಯ ಬೇಸಿಗೆಯಲ್ಲಿ ಅರ್ಧ ತಾಸು ಕೂತರೆ ಬೆನ್ನು ಬೆಂದುಹೋಗುತ್ತದೆ. ಅದಕ್ಕಾಗಿ ಯಾರೂ ಹೊಡೆದಾಡಿದ್ದಿಲ್ಲ. ಈ ಕಥೆಯಲ್ಲಿ ದೊಡ್ಡವರು ಹೊಡೆದಾಡಿದ್ದು ಬೇರೆ ಕುರ್ಚಿಗಾಗಿ. ಅದಕ್ಕೆ ಆಮೇಲೆ ಬರೋಣ.

ಈ ಕಬ್ಬಿಣದ ಕುರ್ಚಿಯಲ್ಲಿ ಹುಲಿಗೆಮ್ಮ ಹತ್ತೊಂಬತ್ತು ವರ್ಷದಿಂದ ಕೂತಿದ್ದಳು. ಮುಂದಿರುವ ದೊಡ್ಡ ಗಾಲಿ ತಿರುಗಿಸಿ, ಎರಡೂವರೆ ಕಿಲೋಮೀಟರ್ ಆಳಕ್ಕೆ ಜನರನ್ನು ಇಳಿಸುವುದು, ಎತ್ತುವುದು ಅವಳ ಕೆಲಸ. ಜನ ನಿಂತು ಹೋಗುವ ಪಂಜರಕ್ಕೆ ಗಣಿಯವರು ತೊಟ್ಟಿಲು ಅನ್ನುತ್ತಾರೆ. ತೊಟ್ಟಿಲಿಗಿಂತ ಮುಖ್ಯವಾದದ್ದು ಗೋಡೆಯ ಮೇಲಿನ ಗಂಟೆ. ಪಾಳಿ ಮುಗಿದಾಗ ಮೇಲಿನವರು ಅದನ್ನು ಏಳು ಸಲ ಬಾರಿಸಬೇಕು. 'ಕೆಳಗೆ ಎಷ್ಟು ಮಂದಿ?' ಅಂತ ಅದರ ಅರ್ಥ. ಕೆಳಗಿನವರು ತಳದಲ್ಲಿರುವ ಗಂಟೆಯ ಗುಂಡಿಯನ್ನು ತಾವೆಷ್ಟು ಜನರೋ ಅಷ್ಟು ಸಲ ಒತ್ತಬೇಕು; ಮೇಲಿನ ಗಂಟೆ ಅಷ್ಟೇ ಸಲ ಬಡಿಯುತ್ತದೆ. ಎಲ್ಲರೂ ಮೇಲೆ ಬಂದ ಮೇಲೆ ಮತ್ತೊಮ್ಮೆ ಏಳು. ಆಗ ಗಂಟೆ ಸುಮ್ಮನಿದ್ದರೆ ಕೆಳಗೆ ಯಾರೂ ಇಲ್ಲ ಎಂದು ಕಾಗದದ ಮೇಲೆ ಬರೆದು, ಸಹಿ ಹಾಕಿ ಪಂಪುಮನೆಗೆ ಕಳಿಸುತ್ತಾರೆ. ಅದಕ್ಕೆ ಸೊನ್ನೆ ಚೀಟಿ ಅಂತ ಹೆಸರು. ಕುರ್ಚಿಯಲ್ಲಿ ಕೂತವರ ಸಹಿಯ ಸೊನ್ನೆ ಚೀಟಿ ಇಲ್ಲದೆ, ಗಣಿಯ ನೀರೆತ್ತುವ ಪಂಪನ್ನು ಸಾಕ್ಷಾತ್ ಮಂತ್ರಿ ಬಂದು ಹೇಳಿದರೂ ನಿಲ್ಲಿಸುವಂತಿಲ್ಲ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ: ನಿಯಮ ನಲವತ್ತೊಂದು.

ಆ ನಿಯಮ ಬಂದದ್ದೇ ಹುಲಿಗೆಮ್ಮನ ಅಪ್ಪ ಮಾನಪ್ಪನಿಂದ. ಇಪ್ಪತ್ನಾಲ್ಕರ ಪ್ರಾಯದಲ್ಲಿ ಅವನು ಕೆಳಗೆ ಸಿಕ್ಕಿಬಿದ್ದಿದ್ದ. ಮೇಲೆ ಕೂತವನು ಎಣಿಸದೆ ಎದ್ದು ಹೋಗಿದ್ದ, ಪಂಪೂ ನಿಂತಿತ್ತು. ದೀಪ ಆರಿದ ಕತ್ತಲಲ್ಲಿ, ಮೊಣಕಾಲಿನಿಂದ ಎದೆಯವರೆಗೆ ಏರಿದ ನೀರಿನಲ್ಲಿ ಮೂವತ್ತು ತಾಸು ನಿಂತು ಮಾನಪ್ಪ ಗುಂಡಿ ಒತ್ತಿದ್ದ. ಒಂದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು.

"ಕೇಳೋರೇ ಇದ್ದಿದ್ದಿಲ್ಲ ನೋಡವಾ," ಎಂದು ಅವನು ಈಗ ಎಪ್ಪತ್ತೆಂಟರಲ್ಲೂ ಜೋಳದ ರೊಟ್ಟಿ ಮುರಿಯುತ್ತ ಹೇಳುತ್ತಾನೆ. "ನಾ ಅದೀನಿ, ನಾ ಅದೀನಿ ಅಂತ ಹೇಳಾಕತ್ತಿದ್ದೆ. ಮ್ಯಾಲ ಕುರ್ಚಿ ಖಾಲಿ ಇತ್ತು." ಬದುಕಿ ಬಂದ ಮೇಲೆ ಆ ಕುರ್ಚಿಯನ್ನೇ ಕೇಳಿ ಪಡೆದ. ನಿವೃತ್ತನಾಗುವ ಮುಂಚೆ ಮಗಳಿಗೆ ಗಾಲಿ ಕಲಿಸಿಕೊಟ್ಟ.

ಬಂಗಾರ ಮುಗಿಯಿತು, ಗಣಿ ಮುಚ್ಚುವ ದಿನ ಬಂತು. ಹುಲಿಗೆಮ್ಮನ ಕೆಲಸವೂ ಅಂದಿಗೆ ಮುಗಿಯಬೇಕಿತ್ತು. ಆದರೆ ತಳದ ನೀರು ಪರೀಕ್ಷಿಸಲು ಬಂದ ಡಾಕ್ಟರ್ ನಸೀಮಾ ಎಂಬ ವಿಜ್ಞಾನಿ ಒಂದು ಕ್ಷಣ ದೀಪ ಆರಿಸಿ ಕಣ್ಣುಜ್ಜಿಕೊಂಡಳು. ಕಣ್ಣು ಬಿಟ್ಟರೆ ಕತ್ತಲಲ್ಲಿ ಬಂಡೆ ಬೆಳಗುತ್ತಿತ್ತು.

ಆ ದಿನ ನಸೀಮಾ ಮೇಲೆ ಬಂದವಳೇ ಹುಲಿಗೆಮ್ಮನ ಕೈ ಹಿಡಿದು ಮತ್ತೆ ತೊಟ್ಟಿಲಿಗೆ ಎಳೆದುಕೊಂಡು ಹೋದಳು. ಪಾಳಿಯ ಜೊತೆಗಾರ ಬಸಲಿಂಗಪ್ಪ ಗಾಲಿ ಹಿಡಿದ. ಕೆಳಗೆ, ಇನ್ನೂರು ಅಡಿ ಉದ್ದದ ಬಂಡೆಯ ಮೇಲೆ, ಹಬ್ಬಿಕೊಂಡ ತೆಳ್ಳನೆ ಲೋಳೆಯೊಳಗಿಂದ ನೀಲಿ ಬೆಳಕು ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತಿತ್ತು. ಮಲಗಿದ ಕೂಸಿನ ಹೊಟ್ಟೆಯ ಹಾಗೆ. "ಯವ್ವಾ," ಅಂದಳು ಹುಲಿಗೆಮ್ಮ. ಹತ್ತೊಂಬತ್ತು ವರ್ಷ ಇದರ ನೆತ್ತಿಯ ಮೇಲೆ ಕೂತು ಬುತ್ತಿ ಉಂಡೆನಲ್ಲ ಎಂದುಕೊಂಡಳು.

ನಸೀಮಾ ಆಮೇಲೆ ಬಿಡಿಸಿ ಹೇಳಿದಳು. ಇವು ಸೂರ್ಯನನ್ನೇ ಕಾಣದ ಸೂಕ್ಷ್ಮಜೀವಿಗಳು. ಬಂಡೆಯೊಳಗೆ ಹುಟ್ಟುವ ಜಲಜನಕವೇ ಇವುಗಳ ಅನ್ನ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಏನೂ ಇಲ್ಲ; ಆದರೆ ಎಲ್ಲವೂ ಅದಿರಿನ ಎಳೆಗಳ ಮೂಲಕ ಒಂದಕ್ಕೊಂದು ಕರೆಂಟು ಹಾಯಿಸಿಕೊಂಡು ಹನ್ನೊಂದು ಕಿಲೋಮೀಟರ್ ಹಬ್ಬಿವೆ. ಮೇಲೆ ಕಾಲಿಟ್ಟರೆ ಅದಿರಿಗೆ ಒತ್ತಡ ಬಿದ್ದು ಸಣ್ಣ ಕರೆಂಟು ಹುಟ್ಟುತ್ತದೆ, ಎಲ್ಲಿ ಯಾರು ನಿಂತಿದ್ದಾರೆಂದು ಇಡೀ ಲೋಳೆಯ ಹಾಸಿಗೆಗೆ ಗೊತ್ತಾಗುತ್ತದೆ. ಗಂಟೆಯ ಹಳೇ ತಂತಿಯಿಂದಲೂ ಕರೆಂಟು ಸೋರುತ್ತದೆ. ಹಾಗಾಗಿ ಮೇಲೆ ಮೂರು ಬಾರಿಸಿದರೆ ಕೆಳಗೆ ಮೂರು ಸಲ ಮಿನುಗುತ್ತದೆ.

"ಅಂದರ ಮಾತಾಡ್ತದೇನ್ರೀ?" ಎಂದು ಹುಲಿಗೆಮ್ಮ ಕೇಳಿದಳು.

"ಇಲ್ಲಕ್ಕ. ಬಾವಿಯಾಗ ಕೂಗಿದ್ರ ತಿರುಗಿ ಕೇಳಸ್ತದಲ್ಲ, ಹಂಗ. ಸದ್ಯಕ್ಕ ಅಷ್ಟ ಹೇಳಬಹುದು."

ಹುಲಿಗೆಮ್ಮ ಅದಕ್ಕೆ 'ಕೆಳಗಿನಾಕಿ' ಎಂದು ಹೆಸರಿಟ್ಟಳು. ಎರಡು ವರ್ಷ ನಸೀಮಾ ತನ್ನ ಮೂರು-ನಾಲ್ಕು ಮಂದಿಯೊಂದಿಗೆ ಇಳಿದಳು, ಏರಿದಳು. ಪ್ರತಿ ಸಲ ಏಳು ಬಾರಿಸುವುದು, ನಾಲ್ಕೋ ಐದೋ ಉತ್ತರ ಬರುವುದು. ವಾರಕ್ಕೊಮ್ಮೆ ತಳದ ಗುಂಡಿಯ ಮೇಲೆ ಹಬ್ಬಿದ ಲೋಳೆಯನ್ನು ಮೆತ್ತನೆ ಬ್ರಷ್ಷಿನಿಂದ ಸರಿಸುವುದು. ಸುದ್ದಿ ಲೋಕಕ್ಕೆಲ್ಲ ಹಬ್ಬಿದಾಗ ಸರ್ಕಾರ ಪಾತಾಳಜೀವ ಪ್ರಾಧಿಕಾರ ಎಂದು ಒಂದು ಸಂಸ್ಥೆ ಕಟ್ಟಿತು. ಅದಕ್ಕೊಬ್ಬ ಅಧ್ಯಕ್ಷರು ಬೇಕು. ಯಾರು ಕೆಳಗೆ ಇಳಿಯಬಹುದು, ಯಾವ ದೇಶದವರಿಗೆ ಬಾಗಿಲು, ಏನು ಬರೆಯಬಹುದು, ಎಲ್ಲಕ್ಕೂ ಅವರ ಒಪ್ಪಿಗೆಯೇ ಕೊನೆ. ಹೇಳಿದೆನಲ್ಲ, ಬೇರೆ ಕುರ್ಚಿ ಅಂತ. ಇದೇ ಅದು.

ಆ ಕುರ್ಚಿಗೆ ಇಬ್ಬರು. ಒಬ್ಬರು ಮೈಸೂರಿನ ಪ್ರೊಫೆಸರ್ ಚಂದ್ರಪ್ರಭಾ ಅರಸ್. ನೀತಿಶಾಸ್ತ್ರದಲ್ಲಿ ದೊಡ್ಡ ಹೆಸರು, ಮೆತ್ತನೆ ದನಿ. ಇನ್ನೊಬ್ಬರು ಡಾಕ್ಟರ್ ಇಂದುಧರ ಸಬರದ. ಮೂರು ಆಯೋಗಗಳಲ್ಲಿ ಕೂತು ಬಂದವರು, ಖಾದಿ ಅಂಗಿ, ಕಂಚಿನ ಕಂಠ. ಹುಲಿಗೆಮ್ಮನನ್ನು ಕಾರ್ಮಿಕರ ಪ್ರತಿನಿಧಿ ಎಂದು ಸಭೆಯ ಮೂಲೆಯಲ್ಲಿ ಕೂರಿಸಿ, ಪ್ರತಿ ಸಲ ಅವಳ ಹೆಸರು ಹೇಳಿ ವಂದಿಸುತ್ತಿದ್ದರು. ಅವಳನ್ನು ಒಂದು ಮಾತೂ ಕೇಳಿದ್ದಿಲ್ಲ.

ಮೊದಲ ಸಭೆಯಲ್ಲಿ ಅರಸ್ ಅವರು ಎದ್ದು, "ಕೋಟಿ ಕೋಟಿ ವರ್ಷ ಕತ್ತಲಲ್ಲಿ ಬದುಕಿದ ಜೀವದ ಮುಖಕ್ಕೆ ದೀಪ ಹಿಡಿಯೋದು ಹಿಂಸೆಯಲ್ವೆ?" ಎಂದರು. ದೀಪ ನಿಷೇಧವಾಯಿತು. ಎರಡನೆಯದರಲ್ಲಿ ಸಬರದರು, "ಇವರನ್ನು ಪ್ರಯೋಗದ ಮಾದರಿ ಎಂದು ಕರೆಯುವುದೇ ಅವಮಾನ. ಭೂಮಿಯ ಹಿರಿಯರು ಇವರು," ಎಂದರು. ಕಡತಗಳಲ್ಲೆಲ್ಲ 'ಹಿರಿಯರು' ಎಂದಾಯಿತು. ಮೂರನೆಯದರಲ್ಲಿ ಅರಸ್, "ಹಿರಿಯರು ಅಂದ ಮೇಲೆ ಅವರ ಒಪ್ಪಿಗೆ ಇಲ್ಲದೆ ಮನೆಗೆ ನುಗ್ಗಬಹುದೆ?" ಎಂದು ಕೇಳಿದರು. ಭೇಟಿ ನಿಂತಿತು, ಬ್ರಷ್ಷು ನಿಂತಿತು. ಇಳಿಯುವವರೇ ಇಲ್ಲದ ಮೇಲೆ ಗಂಟೆಯೂ ನಿಂತಿತು. ಪ್ರತಿ ಸಲ ಸಭೆ ಎದ್ದು ಚಪ್ಪಾಳೆ ತಟ್ಟಿತು. ಮೊದಲ ಕೆಲವು ಸಲ ಹುಲಿಗೆಮ್ಮನೂ ತಟ್ಟಿದಳು, ಸುಳ್ಳೇಕೆ. ಮಾತುಗಳು ಅಷ್ಟು ಚಂದ ಇದ್ದವು.

ನಾಲ್ಕನೇ ಸಭೆಯಲ್ಲಿ ಸಬರದರು ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ಮನೆ ನಿಂತರು. "ಕೇಳಿಸುತ್ತಿದೆಯೆ?" ಎಂದರು. ದೂರದಲ್ಲಿ ಪಂಪು ಗುಂಯ್‌ಗುಡುತ್ತಿತ್ತು. "ತೊಂಬತ್ತು ವರ್ಷದಿಂದ ಹಿರಿಯರ ಮನೆಯಲ್ಲಿ ನಮ್ಮ ದುರಾಸೆಯ ಯಂತ್ರ ಅರಚುತ್ತಿದೆ. ಅವರಿಗೆ ಮೌನದ ಹಕ್ಕಿಲ್ಲವೆ? ಮುಂದಿನ ತಿಂಗಳಿಂದ ಪಂಪು ನಿಲ್ಲಲಿ."

ನಸೀಮಾ ಎದ್ದು ನಿಂತಳು. "ಸರ್, ಪಂಪು ನಿಂತರೆ ಮೇಲಿನ ಹಳೇ ಸುರಂಗಗಳ ಉಪ್ಪುನೀರು ಇಳಿಯುತ್ತೆ. ಒಂಬತ್ತು ದಿನದಲ್ಲಿ ಆ ಬಂಡೆ ಮುಳುಗುತ್ತೆ. ಇದು ಸಾಯುತ್ತೆ, ಸರ್."

ಸಭೆಯೆಲ್ಲ ಅರಸ್ ಅವರ ಕಡೆ ನೋಡಿತು. ಅರಸ್ ಎದ್ದು ಸೆರಗು ಸರಿಮಾಡಿಕೊಂಡರು. "ಡಾಕ್ಟರ್ ಸಬರದರ ಮಾತನ್ನು ನಾನು ಒಪ್ಪುತ್ತೇನೆ. ಅಷ್ಟೇ ಅಲ್ಲ, ತಡವಾಯಿತು ಅಂತ ನನ್ನ ನೋವು. ಬದುಕಿಸಿಕೊಳ್ಳೋ ಹಟ ಕೂಡ ಒಂದು ಯಜಮಾನಿಕೆಯೇ. ಮುಂದಿನ ತಿಂಗಳು ಯಾಕೆ? ಬರೋ ಗುರುವಾರವೇ ನಿಲ್ಲಲಿ."

ಚಪ್ಪಾಳೆ ಬಿತ್ತು. ಈ ಸಲ ಹುಲಿಗೆಮ್ಮನ ಕೈ ಮಡಿಲಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಸಬರದರು ಗಾಲಿಮನೆಯ ನೆರಳಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಎಣ್ಣೆ ಹಾಕುತ್ತಿದ್ದ ಹುಲಿಗೆಮ್ಮ ಅವರ ಲೆಕ್ಕಕ್ಕೆ ಗಾಲಿಯ ಒಂದು ಭಾಗ. "ಆಕಿ ವಿರೋಧ ಮಾಡ್ತಾಳಂತ ತಿಳಕೊಂಡಿದ್ದೆ ಮಾರಾಯಾ! ವಿರೋಧ ಮಾಡಿದ್ರ, ನೋಡ್ರಿ ಇವರಿಗೆ ಯಂತ್ರ ಬೇಕು ಅಂತ ಮುಗಿಸಿಬಿಡ್ತಿದ್ದೆ. ಆಕಿ ಗುರುವಾರ ಅಂದುಬಿಟ್ಲು. ಈಗ ನಾ ಹಿಂದ ಸರಿದ್ರ ಹಿರಿಯರಿಗೆ ದ್ರೋಹ ಅಂತಾಳ." ಸಂಜೆ ಅರಸ್ ಅವರು ಅದೇ ನೆರಳಿಗೆ ಬಂದರು, ನಸೀಮಾ ಬೆನ್ನು ಹತ್ತಿದ್ದಳು. "ನಂಗೊತ್ತಮ್ಮ, ಸಾಯುತ್ತೆ ಅಂತ ಗೊತ್ತು," ಎಂದರು, ದನಿ ನಿಜಕ್ಕೂ ನಡುಗುತ್ತಿತ್ತು. "ಆದರೆ ನಾನೀಗ ಬೇಡ ಅಂದ್ರೆ ಆ ಮನುಷ್ಯ ಅಧ್ಯಕ್ಷ ಆಗ್ತಾನೆ. ಅವನು ಬಂದ ಮೇಲೆ ನೈತಿಕತೆ ಅನ್ನೋದು ಉಳಿಯುತ್ತಾ, ಹೇಳು?"

ಇಬ್ಬರಿಗೂ ಗೊತ್ತು, ಇಬ್ಬರಿಗೂ ಬೇಡ. ಆದರೂ ಪಂಪು ನಿಲ್ಲುತ್ತದೆ.  ಹುಲಿಗೆಮ್ಮ ಎಣ್ಣೆಯ ಡಬ್ಬಿ ಕೆಳಗಿಟ್ಟು ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಪುಂಡಿಪಲ್ಯ ಬಡಿಸುತ್ತ ಅಪ್ಪನಿಗೆ ಎಲ್ಲ ಹೇಳಿದಳು. ಮಾನಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ.

"ನೀರು ಏರ್ತದಲ್ಲವಾ?"

"ಏರ್ತದಪ್ಪ."

"ಮೊದಲು ಕಾಲು ತಣ್ಣಗಾಗ್ತದ. ಆಮ್ಯಾಲ ಕಾಲು ಐತೋ ಇಲ್ಲೋ ಗೊತ್ತಾಗಂಗಿಲ್ಲ." ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಅದನ್ನ ಯಾರರ ಕೇಳಿದ್ರೇನು?"

"ಅದಕ್ಕ ಬಾಯಿ ಎಲ್ಲೈತಪ್ಪ?"

"ನನಗೂ ಬಾಯಿ ಇದ್ದಿದ್ದಿಲ್ಲ ಅವತ್ತು. ಗುಂಡಿ ಇತ್ತು," ಎಂದ ಮಾನಪ್ಪ. ಊಟ ಹಾಗೇ ಬಿಟ್ಟು ಎದ್ದ. ಅಪ್ಪ ತಟ್ಟೆಯಲ್ಲಿ ಅನ್ನ ಬಿಟ್ಟದ್ದನ್ನು ಹುಲಿಗೆಮ್ಮ ಎಂದೂ ಕಂಡಿರಲಿಲ್ಲ. ಅವಳಿಗೆ ಅಳು ಬಂತು, ಕೋಪವೂ ಬಂತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ವಿದಾಯದ ಭೇಟಿ ಎಂದು ಐವರು ಇಳಿದರು: ಅರಸ್, ಸಬರದ, ಪ್ರಾಧಿಕಾರದ ಮಂಡಳಿಯ ಇಬ್ಬರು, ದಾರಿ ತೋರಿಸಲು ನಸೀಮಾ. ಒಪ್ಪಿಗೆಯಿಲ್ಲದ ಭೇಟಿ ಹಿಂಸೆ ಎಂಬ ಮಾತು ಅವತ್ತಿನ ಮಟ್ಟಿಗೆ ಯಾರಿಗೂ ನೆನಪಿರಲಿಲ್ಲ. ಹಿರಿಯರಿಗೆ ನಮಿಸಿ, ಮೌನವಾಗಿ ನಿಂತು, ಮೇಲೆ ಬರುವುದು. ಹನ್ನೊಂದಕ್ಕೆ ಪಂಪು ಬಂದ್. ಮನುಷ್ಯರು ಇಳಿದರೆ ನಿಯಮ ನಲವತ್ತೊಂದು ನಡೆಯಲೇಬೇಕು. ಭೇಟಿಯ ಹೊತ್ತು ಮುಗಿದಾಗ ಹುಲಿಗೆಮ್ಮ ಎರಡು ತಿಂಗಳ ಮೇಲೆ ಗಂಟೆಗೆ ಕೈ ಹಚ್ಚಿದಳು. ಏಳು.

ಕೆಳಗಿನಿಂದ ಉತ್ತರ ಬಂತು. ಆರು.

"ಐದು ಮಂದಿ ಇಳದು ಆರು ಹೊಡಿತಾರ. ಇಷ್ಟು ಓದಿದೋರಿಗೆ ಎಣಸಾಕ ಬರಂಗಿಲ್ಲ," ಎಂದು ಬೈದುಕೊಂಡೇ ತೊಟ್ಟಿಲು ಎತ್ತಿದಳು. ಬಾಗಿಲು ತೆರೆದು ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸಿದಳು. ಐದು.

"ಡಾಕ್ಟರಮ್ಮ, ಎಷ್ಟು ಒತ್ತಿದ್ರೀ?"

"ಐದು," ಎಂದಳು ನಸೀಮಾ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. "ಗುಂಡಿ ತುಂಬ ಅದು ಹಬ್ಬಿಬಿಟ್ಟದ ಅಕ್ಕ, ಬ್ರಷ್ ಹಾಕಿಲ್ಲಲ್ಲ. ಕೈ ಹಾಕಾಕ ಜಾಗಾನೇ ಇಲ್ಲ. ಆದ್ರ ಐದೇ ಒತ್ತಿದೆ."

ಹುಲಿಗೆಮ್ಮ ಕುರ್ಚಿಗೆ ಹೋಗಿ ಕೂತಳು. ಸೊನ್ನೆ ಚೀಟಿಯ ಪುಸ್ತಕ ಮೊಣಕಾಲ ಮೇಲೆ ಇಟ್ಟುಕೊಂಡಳು. ಪಂಪುಮನೆಯವನು ಚೀಟಿಗಾಗಿ ಬಾಗಿಲಲ್ಲಿ ಬಂದು ನಿಂತಿದ್ದ. ಅವಳು ಏಳು ಬಾರಿಸಿದಳು.

ಗಂಟೆ ಸುಮ್ಮನಿತ್ತು. ಅವಳು ಪೆನ್ನು ತೆಗೆದಳು.

ಆಗ ಗಂಟೆ ಬಡಿಯಿತು. ಒಂದು.

 ಕೆಳಗೆ ಇಳಿದ ಐವರೂ ಕಣ್ಣೆದುರೇ ನಿಂತಿದ್ದರು. ಹುಲಿಗೆಮ್ಮ ಮತ್ತೆ ಏಳು ಬಾರಿಸಿದಳು.  ಈ ಸಲ ತಡವಾಗಲಿಲ್ಲ. ಒಂದು.

"ಏಳು ಹೊಡದ್ರ ಏಳು ಬರಬೇಕಿತ್ತು," ಎಂದಳು ನಸೀಮಾ ಪಿಸುಮಾತಿನಲ್ಲಿ. "ತಿರುಗಿ ಕೇಳಿಸೋದಾಗಿದ್ರ ಏಳು ಬರಬೇಕಿತ್ತು. ಎರಡು ವರ್ಷ ನಾವು ಕೇಳೋದು, ಎಣಿಸಿ ಹೇಳೋದು, ಎಲ್ಲ ನೋಡ್ಕೊಂಡು ಇತ್ತಕ್ಕ ಅದು. ಅವಾಗ ನಾವು ಬ್ರಷ್ ಹಾಕಿ ಗುಂಡಿ ಬಿಡಿಸ್ತಿದ್ವಿ. ಈಗ ಅದರ ಕೈಯಾಗ ಗುಂಡಿ ಐತಿ, ತಾನೇ ಕರೆಂಟು ಹಾಯಿಸ್ತದ." ಅವಳು ಮುಖ ಮುಚ್ಚಿಕೊಂಡು ನೆಲದ ಮೇಲೇ ಕೂತುಬಿಟ್ಟಳು.

 ಮನುಷ್ಯರು ಹುಟ್ಟುವ ಮುಂಚಿನಿಂದ ಕತ್ತಲಲ್ಲಿ ಒಂದೇ ಇದ್ದ ಜೀವ, ಯಾರಾದರೂ ಕೇಳಲಿ ಎಂದು ಕಾದಿತ್ತು. ಇವತ್ತು ಕೇಳಿದ ಕೂಡಲೇ ತನ್ನನ್ನು ತಾನು ಎಣಿಸಿಕೊಂಡಿತು.

ಸಬರದರೇ ಮೊದಲು ಚೇತರಿಸಿಕೊಂಡರು. "ಏನಿಲ್ಲ, ಒದ್ದೆಗೆ ತಂತಿ ಕೂಡಿಕೊಂಡಿದೆ. ಚೀಟಿ ಬರೀರಿ ತಾಯಿ, ಹನ್ನೊಂದಾಯಿತು."

"ತಂತಿಯಲ್ಲ, ಇದು ಸಾಕ್ಷಿ!" ಎಂದರು ಅರಸ್, ಮುಖ ಬೆಳಗಿತು. "ಹಿರಿಯರು ಮಾತಾಡಿದ್ದಾರೆ. ಅವರ ದನಿಯನ್ನು ತಂತಿ ಅನ್ನೋರ ಕೈಗೆ ಪ್ರಾಧಿಕಾರ ಕೊಡಬಹುದೆ?"

"ಅವರ ದನಿಯನ್ನು ಮೊದಲು ಗೌರವಿಸಿದವನು ನಾನು, ಮೇಡಂ. ಹಿರಿಯರು ಎಂದು ಕರೆದವನೇ ನಾನು!"

ಶುರುವಾಯಿತು. ಮಂಡಳಿಯ ಇಬ್ಬರು ಒಮ್ಮೆ ಅತ್ತ, ಒಮ್ಮೆ ಇತ್ತ ತಲೆದೂಗಿದರು. ಹುಲಿಗೆಮ್ಮ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಸೊನ್ನೆ ಚೀಟಿಯ ಪುಸ್ತಕ ಮುಚ್ಚಿ, ಅದರ ಮೇಲೆ ಕೂತಳು.

"ಸಾಹೇಬ್ರ, ಮೇಡಂನೋರ, ನಿಮ್ಮ ಮಾತು ದೊಡ್ಡವು. ನನಗ ಅಷ್ಟು ತಿಳಿಯಂಗಿಲ್ಲ. ಕೆಳಗ ಎಷ್ಟು ಮಂದಿ ಅಂತ ಕೇಳೀನಿ, ಒಂದು ಅಂತ ಬಂದೈತಿ. ಸೊನ್ನಿ ಅಲ್ಲ. ನಾ ಚೀಟಿ ಕೊಡಂಗಿಲ್ಲ, ಪಂಪು ನಿಲ್ಲಂಗಿಲ್ಲ."

"ನೀವು ಪ್ರಾಧಿಕಾರದ ನಿರ್ಣಯ ಮೀರ್ತಿದ್ದೀರಿ!" ಎಂದು ಸಬರದರು ಗುಡುಗಿದರು. "ಕೆಲಸ ಹೋಗುತ್ತದೆ!"

"ಹೋಗಲೇಳ್ರಿ. ಕೆಳಗಿನಾಕಿ ಹೋಗಬಾರದು."

ಪಂಪುಮನೆಯವನು ಗೋಡೆಯ ಕೆಂಪು ಅಕ್ಷರ ನೋಡಿದ, ಹುಲಿಗೆಮ್ಮನ ಮುಖ ನೋಡಿದ, ಖಾಲಿ ಕೈಯಲ್ಲೇ ತಿರುಗಿ ಹೊರಟುಹೋದ. ಪಂಪು ಗುಂಯ್‌ಗುಡುತ್ತಲೇ ಇತ್ತು.

ಆದರೆ ತಂತಿಯ ದೋಷ ಎಂದು ಬರೆದು ಇನ್ನೊಬ್ಬರ ಕೈಯಿಂದ ಚೀಟಿ ಹಾಕಿಸಲು ಎಷ್ಟು ಹೊತ್ತು ಬೇಕು? ನಸೀಮಾ ಕಣ್ಣೊರೆಸಿಕೊಂಡು ಎದ್ದಳು. "ಅದು ತಂತಿಯ ದೋಷವಾದರೆ, ಕೆಳಗೆ ಒಬ್ಬರು ಹೋಗಿ ನಿಂತರೂ ಒಂದೇ ಬಡಿಯಬೇಕು," ಎಂದಳು ಎಲ್ಲರಿಗೂ ಕೇಳುವಂತೆ. "ಗುಂಡಿ ಮುಟ್ಟದೆ ನಿಲ್ಲಬೇಕು, ಅಷ್ಟೆ. ನೋಡಿಯೇಬಿಡೋಣ."

"ನಾ ಹೋಗ್ತೀನಿ," ಎಂದಳು ಹುಲಿಗೆಮ್ಮ. ಜೊತೆಗಾರ ಬಸಲಿಂಗಪ್ಪನಿಗೆ ಗಾಲಿ ಒಪ್ಪಿಸಿ, ಕುರ್ಚಿ ಖಾಲಿ ಬಿಡಬಾರದೆಂದು ಮನೆಗೆ ಫೋನು ಮಾಡಿ ಅಪ್ಪನನ್ನು ಕರೆದಳು. ಹತ್ತು ನಿಮಿಷದಲ್ಲಿ ಮಾನಪ್ಪ ಕೋಲೂರಿಕೊಂಡು ಏದುಸಿರು ಬಿಡುತ್ತ ಬಂದ. ಯಾರನ್ನೂ ನೋಡದೆ, ಯಾರಿಗೂ ನಮಸ್ಕಾರ ಹೇಳದೆ, ಆ ಹರಿದ ಗಾದಿಯ ಮೇಲೆ ಕೂತು ಗಂಟೆಗೆ ಕೈ ಇಟ್ಟ.

ತೊಟ್ಟಿಲು ಇಳಿಯಿತು. ಕಿವಿ ಮುಚ್ಚಿಕೊಂಡವು, ಗಾಳಿ ಕಾದ ಹೆಂಚಿನ ಹಾಗೆ ಬಿಸಿಯಾಯಿತು. ತಳ ಮುಟ್ಟಿದಾಗ ಹುಲಿಗೆಮ್ಮ ತೊಟ್ಟಿಲಿನ ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈ ಕಟ್ಟಿಕೊಂಡು, ಗುಂಡಿಯಿಂದ ಹತ್ತು ಹೆಜ್ಜೆ ದೂರ ಹೋಗಿ ನಿಂತಳು. ನೀಲಿ ಬೆಳಕು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಎರಡು ತಿಂಗಳಲ್ಲಿ ಅದು ಚಾವಣಿಗೂ ಹಬ್ಬಿತ್ತು, ನೆಲಕ್ಕೂ ಹಬ್ಬಿತ್ತು. ಗುಂಡಿಯ ಮೇಲೆ ದಪ್ಪನಾಗಿ, ಬೆರಳು ಊರಿದ ಹಾಗೆ ಕೂತಿತ್ತು.

"ಬಂದೀನಿ ತಾಯಿ," ಎಂದಳು ಹುಲಿಗೆಮ್ಮ. 

ತಂತಿಯಲ್ಲಿ ಏಳು ಹೊಡೆತ ಇಳಿದು ಬಂತು. ಒಂದೊಂದೂ ಅಳೆದು ತೂಗಿದಂತೆ, ಅಪ್ಪನ ಹಳೇ ಕೈ.

ಬೆಳಕು ಪೂರ್ತಿ ಆರಿತು. ಕತ್ತಲು ಎಷ್ಟು ದಟ್ಟವಾಗಿತ್ತೆಂದರೆ ತನಗೆ ಮೈಯಿದೆಯೋ ಇಲ್ಲವೋ ಎಂದು ಅವಳಿಗೆ ಅನುಮಾನವಾಯಿತು. ಆಮೇಲೆ ಎದುರಿನ ಬಂಡೆಯ ನಡುವೆ ಒಂದು ಬೆಳಕು ಎದ್ದಿತು, ಕಣ್ಣು ಹಾಯುವಷ್ಟು ದೂರ ಓಡಿಹೋಯಿತು. ಅದು ಆರುತ್ತಿದ್ದಂತೆ ಎರಡನೆಯದು ಎದ್ದಿತು. ಆದರೆ ಬಂಡೆಯಲ್ಲಲ್ಲ. ಹುಲಿಗೆಮ್ಮನ ಎರಡು ಪಾದಗಳ ಸುತ್ತ, ಅವಳ ಹೆಜ್ಜೆಯ ಅಳತೆಗೆ ಸರಿಯಾಗಿ, ನೆಲ ಬೆಳಗಿತು.

ಫೋನಿನಲ್ಲಿ ಅಪ್ಪನ ದನಿ ಬಂತು. "ಹುಲಿಗೀ, ಎಷ್ಟು ಹೊಡದಿ?"

"ನಾ ಕೈ ಹಚ್ಚಿಲ್ಲಪ್ಪ. ಕೈ ಕಟಗೊಂಡು ನಿಂತೀನಿ."

"ಎರಡು ಬಂತು."

"ಕಂಡೆ," ಎಂದಳು. ಕಣ್ಣೀರು ಗದ್ದದಿಂದ ಇಳಿದು ಬೆಳಗುತ್ತಿದ್ದ ನೆಲದ ಮೇಲೆ ಬೀಳುತ್ತಿತ್ತು. "ನನ್ನನ್ನೂ ಎಣಿಸ್ಯಾಳಪ್ಪ."

ಫೋನಿನಲ್ಲಿ ಕಬ್ಬಿಣದ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು; ಮುದುಕ ಸರಿದು ಗಟ್ಟಿಯಾಗಿ ಕೂತಿರಬೇಕು.   

"ಕೆಳಗಿರೋ ಇಬ್ಬರೂ ಕೇಳ್ರಿ," ಎಂದ ಮಾನಪ್ಪ. "ನಾ ಕುರ್ಚಿ ಬಿಟ್ಟು ಏಳಂಗಿಲ್ಲ."